ಚಿನ್ನವಲ್ಲ, ಕಸವೂ ಅಲ್ಲ

ನಾನು ಒಂದು ಗುಂಡುಕಲ್ಲು, ನಿಂಬೆಹಣ್ಣಿನ ಗಾತ್ರ. ಕಲಬುರಗಿ ಸೀಮೆಯಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು. ಅದರ ತಳದ ಕಪ್ಪು ಕೆಸರಿನಲ್ಲಿ ಕಬ್ಬಿಣ, ಗಂಧಕ ಸೇರಿ ನಾನು ಹುಟ್ಟಿದೆ. ಹೊಳಪು ಚಿನ್ನದ್ದು. ಹಾಗೆಂದು ನಾನು ಚಿನ್ನವೆಂದು ಯಾರ ಮುಂದೆಯೂ ಹೇಳಿಕೊಂಡವನಲ್ಲ.

ಕೋಟ್ಯಂತರ ವರ್ಷ ಸುಮ್ಮನಿದ್ದ ನನ್ನನ್ನು ಗಣಿಯಲ್ಲಿ ಮಲ್ಕವ್ವ ಕಂಡಳು. ಒಳ್ಳೆಯ ಹಾಸುಗಲ್ಲು ಆರಿಸುವುದು ಅವಳ ಕೆಲಸ. ನನ್ನಂಥವರು ಅಂಟಿದ ಹಾಸನ್ನು ಯಾರೂ ಆರಿಸುವುದಿಲ್ಲ; ನೀರು ತಾಗಿದರೆ ನೆಲಕ್ಕೆ ತುಕ್ಕಿನ ಕಲೆ ಬಿಡುತ್ತೇವೆ. ಅವಳು ಉಳಿಯಿಂದ ನನ್ನನ್ನು ಎಬ್ಬಿಸಿ, ಅಂಗೈಯಲ್ಲಿ ತೂಗಿ ನೋಡಿ, ಸೆರಗಿಗೆ ಕಟ್ಟಿಕೊಂಡಳು.

ಸಂತೆಯ ದಿನ ಅವಳು ನನ್ನನ್ನು ಚಿನ್ನದ ಕೆಲಸದ ಪತ್ತಾರನಿಗೆ ತೋರಿಸಿದಳು; ಅವನು ನನ್ನ ಚೂರೊಂದನ್ನು ಬೆಂಕಿಗೆ ಹಿಡಿದ. ನಾನೂ ಬಿಡಲಿಲ್ಲ, ಅವನ ಮೂಗಿಗೆ ಗಂಧಕದ ಹೊಗೆ ಹೊಡೆದೆ. ಕೆಮ್ಮುತ್ತಲೇ ನಕ್ಕ. ಸುದ್ದಿ ಗಣಿಗೆ ಮುಟ್ಟಿತು. ಕಲ್ಲಿನ ಗುರುತೇ ಇಲ್ಲದವಳೆಂದು ಕೂಲಿಗಳ ಮೇಲ್ವಿಚಾರಕ ಮುಕದ್ದಮ ಹಾಜಪ್ಪ ಅವಳನ್ನು ಜಲ್ಲಿ ಹೊರಲು ಹಾಕಿದ. ಇಪ್ಪತ್ತು ವರ್ಷದ ಹೆಸರು ಒಂದೇ ದಿನದಲ್ಲಿ ಮಣ್ಣುಪಾಲಾಯಿತು. ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ಜಲ್ಲಿಯಂತ್ರಕ್ಕೆ ಎಸೆ ಎಂದ ಹಾಜಪ್ಪ; ಮಲ್ಕವ್ವ ಎಸೆಯಲಿಲ್ಲ.

"ಚಿನ್ನ ಅಲ್ಲ ಅಂದ್ರ ಕಸ ಅಂತೇನ್ರೀ? ಇದರ ಹೊಟ್ಯಾಗ ಏನೈತಿ ಅಂತ ನೋಡೀರೇನು?"

ಆ ವರ್ಷವೇ ನನ್ನಂಥ ಗುಂಡುಗಳನ್ನು ಹುಡುಕುತ್ತ ತಹಸೀನ್ ಎಂಬ ಭೂವಿಜ್ಞಾನಿ ಬಂದಳು. ಎಲ್ಲವೂ ಜಲ್ಲಿಗೆ ಹೋದವು ಎಂದ ಹಾಜಪ್ಪ. ಮಲ್ಕವ್ವ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಏನು ಸಿಕ್ಕರೂ ಇಲ್ಲಿಗೇ ಬಂದು ಎಲ್ಲರೆದುರು ಹೇಳಬೇಕು, ಕಲ್ಲನ್ನು ತಿರುಗಿ ಕೊಡಬೇಕು ಎಂದು ಮಾತು ತೆಗೆದುಕೊಂಡಳು.

ಪ್ರಯೋಗಾಲಯದ ಗರಗಸ ನನ್ನನ್ನು ಎರಡು ಹೋಳು ಮಾಡಿತು. ನೋಯಿತು. ಆದರೆ ಅಂಜಿ ಮುಚ್ಚಿಡುವಂಥದ್ದು ನನ್ನಲ್ಲೇನಿತ್ತು? ಸೂಕ್ಷ್ಮದರ್ಶಕದಡಿ ಹಿಟ್ಟಿನ ಕಣಕ್ಕಿಂತ ಸಣ್ಣ ಕಾಳುಗಳು ಬೆಳ್ಳಗೆ ಮಿಂಚಿದವು. ಮೊನಜೈಟ್ ಎಂಬ ಖನಿಜ. ಅದರೊಳಗೆ ಸೀರಿಯಂ, ನಿಯೋಡಿಮಿಯಂ ಎಂಬ ವಿರಳ ಧಾತುಗಳು.

ತಹಸೀನ್ ಮಾತು ಉಳಿಸಿಕೊಂಡಳು; ನನ್ನ ಎರಡೂ ಹೋಳು ಹಿಡಿದು ಗಣಿಗೆ ಬಂದಳು. ಫೋನಿನ ಸ್ಪೀಕರಿನ ಅಯಸ್ಕಾಂತಕ್ಕೆ ಇಂಥ ಧಾತುವೇ ಬೇಕು, ಆದರೆ ಇದರಲ್ಲಿ ಇರುವುದು ಬಗೆದು ತೆಗೆಯುವಷ್ಟಿಲ್ಲ ಎಂದು ಇದ್ದದ್ದು ಇದ್ದಹಾಗೆ ಹೇಳಿದಳು. ಹಾಜಪ್ಪ ನಗಲು ಬಾಯಿ ತೆರೆದ.

"ನೂರಾರು ಗುಂಡು ಕೊಯ್ದು ನೋಡೀನಿ, ಒಂದರಾಗೂ ಈ ಕಾಳು ಇರಲಿಲ್ಲ," ಎಂದಳು ತಹಸೀನ್. "ಇಂಥಾದ್ದು ಆರಿಸಿ ಕೊಟ್ಟವರು ಈ ಅವ್ವ ಒಬ್ಬರೇ."

ಎಲ್ಲರೂ ಹಾಜಪ್ಪನ ಮುಖ ನೋಡಿದರು. ಮರುದಿನ ಮಲ್ಕವ್ವ ಹಾಸುಗಲ್ಲು ಆರಿಸುವ ತನ್ನ ಜಾಗಕ್ಕೆ ಮರಳಿದಳು.

ಈಗ ನಾನು ಅವಳ ಮನೆಯ ಕಿಟಕಿಯಲ್ಲಿದ್ದೇನೆ. ಗಾಳಿಯ ತೇವಕ್ಕೆ ಪುಡಿಯಾಗುತ್ತಿದ್ದೇನೆ. ಆಗಲಿ, ಕರಗುವಾಗಲೂ ಕಲೆ ಬಿಟ್ಟೇ ಕರಗುತ್ತೇನೆ. ಕೆಳಗಿನ ಹಾಸುಗಲ್ಲಿನ ಮೇಲೆ ನನ್ನ ತುಕ್ಕು ಕೆಂಪಗೆ ಇಳಿದಿದೆ. ಮೊನ್ನೆ ಸೊಸೆ ಅದನ್ನು ತಿಕ್ಕಿ ತೊಳೆಯಲು ಕೂತಾಗ ಮಲ್ಕವ್ವ ಅವಳ ಕೈ ಹಿಡಿದಳು.

"ಬಿಡವ್ವ," ಎಂದಳು. "ಕಲೆ ಬಿದ್ದ ಈ ಹಾಸು ನಾ ಆರಿಸೀನಿ."