ಕತ್ತರಿಯ ಅಜ್ಜ

ಎಲ್ಲರೂ ಅವಳನ್ನು ಕತ್ತರಿ ಎನ್ನುತ್ತಿದ್ದರು. ಅದೂ ಬೆನ್ನ ಹಿಂದೆ. ಎದುರಿಗೆ ಅನ್ನುವ ಎದೆಗಾರಿಕೆ ಯಾರಿಗಿತ್ತು? ಕಡತಗಳ ರಾಶಿಯಿಂದ ಬೇಕಾದ ಒಂದೇ ಹಾಳೆಯನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹುಡುಕಿಕೊಡುವ ಸಾಫ್ಟ್‌ವೇರ್ ಅವಳದು. ಅದನ್ನು ಪುಕ್ಕಟೆ ಹಂಚಿದ್ದಳು. ಒಳಗಿನ ಕೋಡನ್ನೂ ತೆರೆದಿಟ್ಟು, ಯಾರು ಬೇಕಾದರೂ ತಿದ್ದಿ ಕಳಿಸಿ ಎಂದಿದ್ದಳು. ಕಳಿಸಿದವರಿಗೆ ಮಾತ್ರ ಗ್ರಹಚಾರ. 'ಇದು ಕಸ', 'ನಿಮಗೆ ಓದಲು ಬರುತ್ತದೆ ತಾನೆ?' ಇಂಥವೇ ಅವಳ ಉತ್ತರ. ಬಂದವರು ಬಂದಷ್ಟೇ ಬೇಗ ಕಾಲ್ಕಿತ್ತರು.

ಜೊತೆಯಲ್ಲೇ ಇದ್ದ ತಂಗಿ ಒಂದು ದಿನ ಬಟ್ಟೆ ಮಡಚುತ್ತಾ ಹೇಳಿದಳು: "ಅಕ್ಕಾ, ನಿನ್ನ ಸಾಫ್ಟ್‌ವೇರ್ ಏನು ಬೇಕಾದ್ರೂ ಹುಡುಕುತ್ತಲ್ಲ, ಬಂದ ಜನ ಎಲ್ಲಿ ಹೋದ್ರು ಅಂತ ಒಂದ್ಸಲ ಹುಡುಕ್ಸು ನೋಡೋಣ."

ಕತ್ತರಿಗೆ ಚುರುಕ್ಕೆಂದಿತು. ತಾನು ಬದಲಾಗಬಹುದಿತ್ತು, ಆದರೆ ಸುಲಭದ ದಾರಿ ಹಿಡಿದಳು. ತಿದ್ದುಪಡಿ ಕಳಿಸುವವರೆಲ್ಲ ಬರೆಯುತ್ತಿದ್ದ ವೆಬ್‌ಸೈಟಿನಲ್ಲಿ ಇನ್ನೊಂದು ಖಾತೆ ತೆರೆದು 'ಅಜ್ಜ' ಎಂದು ಹೆಸರಿಟ್ಟಳು. ಅಜ್ಜ ದಾಖಲೆ ಕೋಣೆಯಲ್ಲಿ ದುಡಿದು ನಿವೃತ್ತನಾದವನು. ಮಂಡಿನೋವು, ಮನೆಯಲ್ಲಿ ಒಬ್ಬಳು ಮಗಳು, ಎಂಥ ಪೆದ್ದು ಪ್ರಶ್ನೆ ಕೇಳಿದರೂ ಬೇಸರವಿಲ್ಲ.

ಆಸ್ಪತ್ರೆಯೊಂದರ ಗುಮಾಸ್ತೆ, ಬಿಡುವಿನಲ್ಲಿ ಕೋಡ್ ಬರೆಯಲು ಕಲಿತವಳು, ಹಳೆಯ ರೋಗಿಗಳ ಚೀಟಿ ಹುಡುಕುವುದಕ್ಕೆಂದು ಒಂದು ತಿದ್ದುಪಡಿ ಕಳಿಸಿದಳು. ಬೆಳಿಗ್ಗೆ ಕತ್ತರಿ 'ಇದು ಕಸ' ಎಂದು ತಳ್ಳಿಹಾಕಿದಳು. ಮಧ್ಯಾಹ್ನ ಊಟ ಮುಗಿಸಿ ಬಂದು, ಅದೇ ಕುರ್ಚಿಯಲ್ಲಿ ಕೂತು, ಅಜ್ಜನಾಗಿ ಬರೆದಳು: "ಬೇಜಾರು ಮಾಡ್ಕೋಬೇಡ ತಾಯಿ. ಆಕೆ ಬಾಯಿ ಸ್ವಲ್ಪ ಜೋರು. ಚೆನ್ನಾಗೇ ಬರ್ದಿದ್ದೀಯ, ಮೂರನೇ ಸಾಲೊಂದು ಸರಿಮಾಡು ಸಾಕು." ಗುಮಾಸ್ತೆ ಸರಿಮಾಡಿದಳು, ಅಲ್ಲೇ ಉಳಿದಳು. ಹೀಗೆ ಎರಡು ವರ್ಷದಲ್ಲಿ ನಲವತ್ತು ಜನರ ಬಳಗವಾಯಿತು.

ಆಮೇಲೆ ಬಳಗಕ್ಕೆ ಆಸೆ ಹುಟ್ಟಿತು: ಒಂದು ದಿನ ಎಲ್ಲರೂ ಸೇರೋಣ, ಅಜ್ಜನನ್ನು ನೋಡೋಣ. ಅಜ್ಜನಿಗೆ ಮಂಡಿನೋವು ಎಂದು ಕತ್ತರಿ ಬರೆದಳು. ನಾವೇ ಗಾಡಿ ಕಳಿಸುತ್ತೇವೆ ಎಂದರು. ದಿಕ್ಕು ತೋಚದೆ, ತನ್ನದೇ ಹೆಸರಿನಲ್ಲಿ ಒಂದು ಸಾಲು ಹಾಕಿ ಕೈತೊಳೆದುಕೊಂಡಳು: 'ಅಜ್ಜ ತೀರಿಕೊಂಡರು.'

ತಂಗಿ ಓದಿ ನಕ್ಕಳು. "ಹುಟ್ಟೇ ಇಲ್ಲದೋರನ್ನ ಸಾಯ್ಸಿಬಿಟ್ಯಲ್ಲೇ. ಇನ್ನು ತಿಥಿ ಯಾವಾಗ?"

ಕತ್ತರಿಗೆ ನಗು ಬರಲಿಲ್ಲ. ಆ ಒಂದು ಸಾಲಿನ ಕೆಳಗೆ ಮೂವತ್ತೊಂಬತ್ತು ಜನ ಅತ್ತಿದ್ದರು.

ಬಾಡಿಗೆ ಸಭಾಂಗಣದಲ್ಲಿ ಎಲ್ಲರೂ ಸೇರಿದಾಗ ಮುಂದಿನ ಸಾಲಿನ ಒಂದು ಕುರ್ಚಿಯನ್ನು ಅಜ್ಜನಿಗೆಂದು ಖಾಲಿ ಬಿಟ್ಟಿದ್ದರು. ನಲವತ್ತು ದಾಟಿದ ಹೆಂಗಸೊಬ್ಬಳು ಎದ್ದು, ಅಜ್ಜ ಬರೆದದ್ದನ್ನೆಲ್ಲ ಮುದ್ರಿಸಿ ತಂದಿದ್ದ ಹಾಳೆಗಳನ್ನು ಓದತೊಡಗಿದಳು. ಅವಳೇ ಗುಮಾಸ್ತೆ. 'ಬೇಜಾರು ಮಾಡ್ಕೋಬೇಡ ತಾಯಿ' ಎನ್ನುವಲ್ಲಿ ಓದು ನಿಲ್ಲಿಸಿ ಕಣ್ಣೊರೆಸಿಕೊಂಡಳು. ಕತ್ತರಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೆ ಅನ್ನಿಸಿತು. ತಾನು ಬರೆದ ಮಾತು ಇಷ್ಟು ಹಿತವಾಗಿತ್ತೆ ಎಂದು ಮೊದಲ ಸಲ ಕೇಳಿಸಿಕೊಂಡಳು, ಕೇಳಿದಷ್ಟೂ ನಾಚಿಕೆ ಹೆಚ್ಚಾಯಿತು.

ಓದಿ ಮುಗಿಸಿ ಗುಮಾಸ್ತೆ ನೇರ ಅವಳ ಬಳಿ ಬಂದಳು. "ಮೇಡಂ, ಅಜ್ಜನ ಮನೆ ನಿಮಗೆ ಗೊತ್ತಲ್ವಾ? ಅವರ ಮಗಳನ್ನ ಒಂದ್ಸಲ ನೋಡ್ಬೇಕು. ನಿಮ್ಮಪ್ಪ ಇಲ್ದಿದ್ರೆ ನಾನು ಇದನ್ನ ಅವತ್ತೇ ಬಿಡ್ತಿದ್ದೆ ಅಂತ ಹೇಳ್ಬೇಕು."

ಇನ್ನೊಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು: ಮಗಳು ಪರಸ್ಥಳದಲ್ಲಿದ್ದಾಳೆ. ಆದರೆ ಆ ಹೆಂಗಸಿನ ಕಣ್ಣು ಇನ್ನೂ ಒದ್ದೆಯಾಗಿತ್ತು.

"ಅಜ್ಜ ಅಂತ ಯಾರೂ ಇರ್ಲಿಲ್ಲ," ಎಂದಳು ಕತ್ತರಿ. "ನಾನೇ ಬರೀತಿದ್ದೆ. ಎಲ್ಲಾ ನಾನೇ."

ಗುಮಾಸ್ತೆ ಕೈಲಿದ್ದ ಹಾಳೆಯನ್ನೂ ಕತ್ತರಿಯ ಮುಖವನ್ನೂ ನೋಡಿದಳು. ಅವಳು ಕೂಗಾಡಿದ್ದರೆ ಕತ್ತರಿ ತಡೆದುಕೊಳ್ಳುತ್ತಿದ್ದಳು. ಕೂಗಾಟ ಅವಳಿಗೆ ರೂಢಿ.

"ಬೆಳಿಗ್ಗೆ ಕಸ ಅಂದಿದ್ದೂ ನೀವೇ, ಮಧ್ಯಾಹ್ನ ಚೆನ್ನಾಗಿದೆ ಅಂದಿದ್ದೂ ನೀವೇನಾ?"

"ಹೂಂ."

"ಹಾಗಾದ್ರೆ ಅದು ಚೆನ್ನಾಗಿತ್ತು ಅನ್ನೋದು ನಿಮಗೆ ಬೆಳಿಗ್ಗೇನೇ ಗೊತ್ತಿತ್ತು."

ಕತ್ತರಿ ತಲೆ ತಗ್ಗಿಸಿದಳು.

"ಇಷ್ಟು ಮೆತ್ತಗೆ ಮಾತಾಡೋಕೆ ನಿಮಗೆ ಬರುತ್ತಲ್ಲ ಮೇಡಂ. ಮತ್ತೆ ನೀವು ನೀವಾಗೇ ಯಾಕೆ ಮಾತಾಡ್ಲಿಲ್ಲ?"

ಸುಳ್ಳು ಹೇಳಲು ಇನ್ನೇನೂ ಉಳಿದಿರಲಿಲ್ಲ. "ಮೆತ್ತಗಾದ್ರೆ ಯಾರೂ ನನಗೆ ಹೆದರಲ್ಲ ಅನ್ನಿಸ್ತಿತ್ತು," ಎಂದಳು.

ಗುಮಾಸ್ತೆ ಹಾಳೆಗಳನ್ನು ನಿಧಾನವಾಗಿ ಮಡಚಿ ಅವಳ ಮಡಿಲಲ್ಲಿಟ್ಟಳು.

"ಹೆದರಿದ್ವಿ," ಎಂದಳು. "ಎಲ್ಲರೂ ಹೆದರಿದ್ವಿ."