ಮೇಸ್ತ್ರಿ ಮುಚ್ಚಿದ ಕೊಳವೆ

ಹಿತ್ತಲಲ್ಲಿ ಸದಾ ಕೆಸರು ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ, ಹೇಳಿ? ನಮ್ಮ ಗಾರೆ ಮೇಸ್ತ್ರಿಯ ಹಿತ್ತಲಂತೂ ಕಾಲಿಟ್ಟರೆ ಪಿಚಪಿಚ. ಮನೆಯ ಹಿಂದೆಯೇ ಎತ್ತರದ ಮಣ್ಣಿನ ಒಡ್ಡು. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ಆ ನೀರನ್ನು ತಡೆದು ಹಿಡಿದು, ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುವುದು ಅದರ ಕೆಲಸ. ಒಡ್ಡಿನ ಬುಡದಲ್ಲಿ ಒಂದು ಕೊಳವೆ ಇತ್ತು. ಅದರಿಂದ ತೊಟತೊಟ ನೀರು ಬಿದ್ದು, ಮೇಸ್ತ್ರಿಯ ಹೆಂಡತಿ ಬಟ್ಟೆ ಒಣಹಾಕುವ ಜಾಗವೆಲ್ಲ ರಾಡಿಯಾಗಿತ್ತು.

ಆ ಒಡ್ಡೆಂದರೆ ಮೇಸ್ತ್ರಿಗೆ ಜೀವ. ಹಿಂದೊಮ್ಮೆ ಮಳೆ ಹುಚ್ಚು ಹಿಡಿದಂತೆ ಸುರಿದಾಗ ಬೀದಿಯ ಒಂದು ಮನೆಗೂ ನೀರು ನುಗ್ಗದಂತೆ ಕಾಪಾಡಿದ್ದು ಅದೇ. ಅಂಥ ಒಡ್ಡು ಸೋರುತ್ತಿದೆಯಲ್ಲ ಎಂದು ಅವನಿಗೆ ಸಂಕಟ. ಉಪಕಾರ ತೀರಿಸಲು ಇದೇ ಸಮಯವೆಂದು ಒಂದು ರಜೆಯ ದಿನ ಸಿಮೆಂಟ್ ಕಲಸಿಯೇಬಿಟ್ಟ. ಕೊಳವೆಯ ಬಾಯಿಗೆ ಕಲ್ಲುಚೂರು ತುರುಕಿ, ಗಾರೆ ಮೆತ್ತಿ, ಕರಣೆಯಿಂದ ನುಣ್ಣಗೆ ತಿಕ್ಕಿದ. ಹಿತ್ತಲು ಒಣಗಿತು. ಬೀದಿಯಲ್ಲಿ ಸಿಕ್ಕವರಿಗೆಲ್ಲ ಅದನ್ನು ಹೇಳಿದ್ದೇ ಹೇಳಿದ್ದು.

ಮಳೆಗಾಲ ಬಂತು. ಒಡ್ಡಿನ ಆಚೆ ನೀರು ನಿಂತಿತು. ಮೇಸ್ತ್ರಿಯ ಮಗಳು ಎಳೆಗೂಸಿನ ಜೊತೆ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದಳು. ಕಿಟಕಿ ತೆಗೆದರೆ ಎದುರಿಗೇ ಒಡ್ಡು.

"ಅಪ್ಪಾ, ಇಲ್ಲಿ ಬಾ," ಎಂದು ಒಂದು ಬೆಳಿಗ್ಗೆ ಕರೆದಳು. "ನಿನ್ನೆಯಿಂದ ಬಿಸಿಲಿದೆ. ಒಡ್ಡೆಲ್ಲ ಒಣಗಿದೆ, ಅದೊಂದು ಜಾಗ ಮಾತ್ರ ಯಾಕೆ ಒದ್ದೆ?"

"ಮಳೆ ಬಂದ್ರೆ ಮಣ್ಣು ಒದ್ದೆಯಾಗದೆ ಬೆಂಕಿ ಹತ್ಕೊಳ್ಳುತ್ತಾ? ಮಗೂನ ನೋಡ್ಕೋ ಹೋಗು."

ಹೆಂಡತಿ ಬಿಡಲಿಲ್ಲ. "ನೀವು ಮುಚ್ಚಿದ ಕೊಳವೆಗಿಂತ ಸ್ವಲ್ಪ ಮೇಲೇ ಇದೆ ಕಣ್ರೀ ಆ ಒದ್ದೆ. ನನಗ್ಯಾಕೋ ಸರಿ ಕಾಣ್ತಿಲ್ಲ. ಒಡ್ಡಿನಕ್ಕಂಗೆ ಫೋನ್ ಮಾಡ್ತೀನಿ."

"ಮಾಡು ಮಾಡು. ಊರಿಗೆಲ್ಲ ಗೋಡೆ ಕಟ್ಟಿದವನ ಮಾತು ಮನೇಲಿ ಯಾರು ಕೇಳ್ತಾರೆ!"

ಒಡ್ಡಿನಕ್ಕ ಎಂದರೆ ಒಡ್ಡಿನ ತಪಾಸಣೆಗೆ ಬರುವ ಎಂಜಿನಿಯರ್. ಬೀದಿಯವರೇ ಇಟ್ಟ ಹೆಸರು. ಮಧ್ಯಾಹ್ನದೊಳಗೆ ಬಂದಳು. ಒದ್ದೆ ಜಾಗದಲ್ಲಿ ಹಿಮ್ಮಡಿ ಊರಿದಳು. ಬೂಟು ಅರ್ಧ ಹೂತುಹೋಯಿತು.

"ಇಲ್ಲೊಂದು ಕೊಳವೆ ಇತ್ತಲ್ಲ ಮೇಸ್ತ್ರಿ, ಎಲ್ಲಿ?"

ಮೇಸ್ತ್ರಿ ಮೀಸೆ ತಿರುವಿದ. "ಸೋರ್ತಿತ್ತು ಮೇಡಂ. ನಾನೇ ಮುಚ್ಚಿದೆ. ಒಂದು ಹನಿ ಬಂದ್ರೆ ಕೇಳಿ!"

ಅವಳ ಮುಖ ಸಪ್ಪಗಾಯಿತು. ಆದರೂ ರೇಗಲಿಲ್ಲ. "ಕೆಲಸ ಗಟ್ಟಿಯಾಗಿದೆ. ನನಗೆ ಅದೇ ಭಯ. ಒಂದು ಹೇಳಿ, ದಿಬ್ಬದ ಮಣ್ಣಿಗೆ ಆತು ತಡೆಗೋಡೆ ಕಟ್ತೀರಲ್ಲ, ಅದರಲ್ಲಿ ಅಲ್ಲಲ್ಲಿ ತೂತು ಬಿಡ್ತೀರಾ?"

"ಬಿಡದೆ ಆಗುತ್ತಾ? ಹಿಂದಿನ ನೀರು ಆಚೆ ಬರಬೇಕಲ್ಲ! ಇಲ್ದಿದ್ರೆ ಮಣ್ಣು ನೀರು ಕುಡಿದು, ಗೋಡೆ ಹೊಟ್ಟೆ ಉಬ್ಬಿಸಿಕೊಂಡು, ಒಂದಿನ ದಬ್ಬಂತ..."

ಮಾತು ಬಾಯಲ್ಲೇ ನಿಂತಿತು. ಮೇಸ್ತ್ರಿ ಒಡ್ಡಿನ ಕಡೆ ನೋಡಿದ, ಆಮೇಲೆ ಹಿಂದಿನ ಕೋಣೆಯ ಕಿಟಕಿಯ ಕಡೆ.

"ಮಣ್ಣಿನ ಒಡ್ಡು ಅಂದ್ಮೇಲೆ ಒಳಗೆ ಸ್ವಲ್ಪ ನೀರು ಜಿನುಗೇ ಜಿನುಗುತ್ತೆ," ಎಂದಳು ಒಡ್ಡಿನಕ್ಕ. "ಅದು ಮಣ್ಣು ಕೊಚ್ಚದೆ ಆಚೆ ಬರ್ಲಿ ಅಂತಲೇ ಆ ಕೊಳವೆ. ಎಂದಿನ ಹಾಗೆ ತಿಳಿ ನೀರು ಬಂದ್ರೆ ಗಾಬರಿ ಬೇಡ. ನೀರು ರಾಡಿಯಾದ್ರೆ, ಇದ್ದಕ್ಕಿದ್ದಂತೆ ಹೆಚ್ಚಾದ್ರೆ, ಹೊಸ ಜಾಗದಲ್ಲಿ ಒದ್ದೆ ಕಂಡ್ರೆ ತಕ್ಷಣ ಹೇಳ್ಬೇಕು."

"ಹಿತ್ತಲು ಕೆಸರಾದ್ರೆ ಒಡ್ಡಿನ ಬಾಯಿ ಮುಚ್ಚಿದ್ರಲ್ಲ!" ಹೆಂಡತಿ ತಲೆ ಚಚ್ಚಿಕೊಂಡಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ."

ಮೇಸ್ತ್ರಿ ಉಳಿ, ಸುತ್ತಿಗೆ ತರಲು ಓಡಿದ. ಒಡ್ಡಿನಕ್ಕ ತಡೆದಳು. "ಈಗಲೇ ಬೇಡ. ಮೊದಲು ಬಾಣಂತಿ, ಮಗು ಈ ಮನೆಯಿಂದ ಹೊರಡಲಿ. ಕೆಳಗಿನ ಮನೆಯವರಿಗೂ ಹೇಳಿ."

ಮಗಳು ಕೂಸನ್ನು ಎದೆಗವಚಿಕೊಂಡು ಮೇಲಿನ ಬೀದಿಯ ಚಿಕ್ಕಮ್ಮನ ಮನೆಗೆ ಹೊರಟಳು. ಮೇಸ್ತ್ರಿ ತಾನೇ ಮನೆಮನೆಯ ಬಾಗಿಲು ತಟ್ಟಿ, "ತಪ್ಪು ನಂದೇ, ಮೊದಲು ಎದ್ದು ಬನ್ನಿ," ಎಂದ. ಒಡ್ಡಿನಕ್ಕನ ಕಚೇರಿಯವರು ಬಂದು, ಒಡ್ಡಿನ ತೂಬನ್ನು ಹುಷಾರಾಗಿ ತೆರೆದು ಆಚೆಯ ನೀರು ಇಳಿಸಿದರು. ಆಮೇಲೆ ಒಡ್ಡಿನಕ್ಕ ಪಕ್ಕದಲ್ಲಿ ನಿಂತು ಹೇಳಿದ ಹಾಗೆ ಮೇಸ್ತ್ರಿ ತನ್ನ ಗಾರೆಯನ್ನು ತಾನೇ ಕೆತ್ತಿದ. ತನ್ನ ಕೈಕೆಲಸ ಇಷ್ಟು ಗಟ್ಟಿಯೆಂದು ಅವನಿಗೆ ಆವತ್ತು ಮೊದಲ ಸಲ ಬೇಸರವಾಯಿತು.

ಕೊನೆಯ ಚೂರು ಬಿದ್ದದ್ದೇ ತಡ, ಕೆಂಪು ರಾಡಿ ಭುಸ್ಸೆಂದು ಬಂತು. ಒಡ್ಡಿನಕ್ಕ ಗಾಜಿನ ಲೋಟದಲ್ಲಿ ನೀರು ಹಿಡಿದು ನೋಡಿದಳು, ಚೆಲ್ಲಿದಳು, ಮತ್ತೆ ಹಿಡಿದಳು. ಬರುಬರುತ್ತಾ ನೀರು ತಿಳಿಯಾಯಿತು. "ಬಚಾವಾದ್ವಿ," ಎಂದಳು. ಮೇಸ್ತ್ರಿ ಕೆಸರಲ್ಲೇ ಕುಸಿದು ಕೂತು ಅತ್ತುಬಿಟ್ಟ.

ಮೆತ್ತಗಾದ ಜಾಗವನ್ನು ಕಚೇರಿಯವರು ಸರಿಪಡಿಸಿದರು. ಕೊಳವೆಯ ನೀರು ಹಿತ್ತಲಿಗೆ ಹರಡದೆ ಚರಂಡಿ ಸೇರಲು ಪುಟ್ಟ ಕಾಲುವೆ ಬೇಕೆಂದಳು ಒಡ್ಡಿನಕ್ಕ. ಅದನ್ನು ಕಟ್ಟಿದ್ದು ಮೇಸ್ತ್ರಿಯೇ.

ಆಮೇಲೆ ಬಂದದ್ದು ಆ ವರ್ಷದ ದೊಡ್ಡ ಮಳೆ. ಆಚೆ ನೀರು ಒಡ್ಡಿನ ಕತ್ತಿನವರೆಗೆ ಏರಿತು. ಈಚೆ ಕೊಳವೆಯಲ್ಲಿ ತಿಳಿ ನೀರು ಹರಿಯುತ್ತಲೇ ಇತ್ತು. ಒಡ್ಡು ಜಗ್ಗಲಿಲ್ಲ. ಮಳೆ ನಿಂತ ಮೇಲೆ ಮಗಳು ಮನೆಗೆ ಬಂದಾಗ ಮೇಸ್ತ್ರಿ ಅವಳ ತಲೆ ಸವರಿದ. "ಆವತ್ತು ನೀನು ನೋಡಿ ಹೇಳ್ದೆ, ನಿಮ್ಮಮ್ಮ ಫೋನ್ ಮಾಡಿದ್ಲು, ಆ ತಾಯಿ ಒಡ್ಡಿನಕ್ಕ ಓಡಿ ಬಂದ್ಲು. ನಿಮ್ಮ ಋಣ ಹೇಗೆ ತೀರಿಸ್ಲವ್ವಾ? ಈ ಕೂಸು ಇವತ್ತು ನನ್ನ ಮಡಿಲಲ್ಲಿದೆ."

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಹತ್ತಿರವೂ ಇಂಥ ಮಣ್ಣಿನ ಒಡ್ಡು ಇದ್ದೀತು. ಅದರ ಮೇಲೆ ಮರ ನೆಡಬೇಡಿ, ಬೇರು ಹೋದಲ್ಲೆಲ್ಲ ನೀರಿಗೆ ದಾರಿಯಾದೀತು; ಅದರ ಮಣ್ಣು ಅಗೆಯಬೇಡಿ, ಅದರ ಕೊಳವೆಗೆ ಕೈ ಹಚ್ಚಬೇಡಿ. ಬಿರುಕು, ಬಿಲ, ಹೊಸ ಒದ್ದೆ, ರಾಡಿ ನೀರು ಕಂಡರೆ "ನನಗ್ಯಾಕೆ" ಅನ್ನದೆ ಒಡ್ಡು ನೋಡಿಕೊಳ್ಳುವ ಕಚೇರಿಗೆ ಕೂಡಲೇ ತಿಳಿಸಿ. ನಿಮ್ಮನ್ನು ಕಾಯುವ ಒಡ್ಡಿಗೆ ಕೃತಜ್ಞತೆ ಹೇಳಬೇಕೆನಿಸಿದರೆ ಇವತ್ತೇ ಹೋಗಿ ಅದನ್ನೊಮ್ಮೆ ಕಣ್ಣು ಬಿಟ್ಟು ನೋಡಿ ಬನ್ನಿ.