ಸಂವತ್ಸರ ಬಿಟ್ಟ ತಾರೀಖು

ಸುಭದ್ರಾಬಾಯಿಯವರ ಪ್ರತಿ ಧ್ವನಿಮುದ್ರಣದ ಮೊದಲಿಗೆ ತಂಬಿಗೆಯ ಮೇಲಿಂದ ತಟ್ಟೆ ಸರಿಸಿದ ಸದ್ದು ಕೇಳಿಸುತ್ತಿತ್ತು. ಒಂದು ಗುಟುಕು ಜೀರಿಗೆ ನೀರು ಕುಡಿಯದೆ ಅವರು ಓದಲು ತೊಡಗಿದವರೇ ಅಲ್ಲ. ಆ ಸದ್ದನ್ನು ಕತ್ತರಿಸಿ ತೆಗೆಯುವುದು ನನ್ನ ಕೆಲಸ, ನಾನು ತೆಗೆಯುತ್ತಿರಲಿಲ್ಲ.

ಆಗ ನಾನು ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸುವ ಸಣ್ಣ ಸಂಸ್ಥೆಯೊಂದರಲ್ಲಿದ್ದೆ. ಸುಭದ್ರಾಬಾಯಿ ನಿವೃತ್ತ ಶಿಕ್ಷಕಿ. ಪತಿ ವೆಂಕೋಬಾಚಾರ್ಯರು ಪೌರೋಹಿತ್ಯ ಮಾಡಿಕೊಂಡಿದ್ದವರು. ಅವರ ದೃಷ್ಟಿ ಪೂರ್ತಿ ಹೋಗಿತ್ತು. ಅವರಿಗೆ ಪ್ರಿಯವಾದ ಕಡಲಯಾನದ ಪುಸ್ತಕವೊಂದನ್ನು ಬಾಯಿಯವರು ಓದಲು ಹಿಡಿದರು. ಕೊನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ, ಡಿಸೆಂಬರಿನಲ್ಲಿ, ಗಂಟಲು ಕೈಕೊಟ್ಟಿತು. ಅರ್ಧಕ್ಕೇ ನಿಲ್ಲಿಸಿದರು. ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಶಸ್ತ್ರಚಿಕಿತ್ಸೆಗೆ ಮುಂಚೆ, ಜನವರಿಯಲ್ಲಿ, ಗಂಟಲು ತುಸು ಸಡಿಲವಾದ ಒಂದು ದಿನ ಬಂದು ಆ ಅಧ್ಯಾಯವನ್ನು ಮೊದಲಿನಿಂದ ಓದಿ ಮುಗಿಸಿದರು. ಅವರು ಓದಿದ್ದು ಅದೇ ಕೊನೆ.

ಮುದ್ರಣಗಳನ್ನೆಲ್ಲ ಎಫ್‌ಟಿಪಿ ಎಂಬ ಫೈಲು ಸಾಗಿಸುವ ವ್ಯವಸ್ಥೆಯ ಮೂಲಕ ದೂರದ ಸರ್ವರ್ ಒಂದಕ್ಕೆ ಕಳಿಸುತ್ತಿದ್ದೆವು. ಬೇರೆ ಪ್ರತಿ ಇಟ್ಟುಕೊಳ್ಳಲು ನಮ್ಮಲ್ಲಿ ಜಾಗವಿರಲಿಲ್ಲ. ಫೆಬ್ರವರಿಯಲ್ಲಿ ಆ ಸರ್ವರ್ ಕೂಡ ತುಂಬಿ ತುಳುಕಿದಾಗ, ಹಿಂದೆ ಯಾರೋ ಬರೆದಿಟ್ಟಿದ್ದ ಪ್ರೋಗ್ರಾಮನ್ನು ಸಂಸ್ಥೆಯವರು ಚಾಲೂ ಮಾಡಿದರು. ಬೇರೆ ಬೇರೆ ಫೋಲ್ಡರುಗಳಲ್ಲಿ ಒಂದೇ ಹೆಸರಿನ ಎರಡು ಫೈಲುಗಳಿದ್ದರೆ ಹೊಸದನ್ನು ಇಟ್ಟುಕೊಂಡು ಹಳೆಯದನ್ನು ಅಳಿಸುವುದು ಅದರ ಕೆಲಸ. ಮೊದಲ ಅಳಿಸುವಿಕೆ ಆ ಶನಿವಾರ ಸಂಜೆ ನಡೆಯಬೇಕಿತ್ತು.

ಅದೇ ಶನಿವಾರ ಮಧ್ಯಾಹ್ನ, ಪ್ರೋಗ್ರಾಂ ಹೊಸವೆಂದು ಆರಿಸಿಕೊಟ್ಟ ಫೈಲುಗಳೊಂದಿಗೆ ನಾನು ಅವರ ಮನೆಗೆ ಹೋದೆ. ಕೊನೆಯ ಅಧ್ಯಾಯ ಹಚ್ಚಿದೆ. ತಟ್ಟೆ ಸರಿದ ಸದ್ದು, ಆಮೇಲೆ ಒಡೆದ ದನಿ. ನಡುವೆಯೇ ಕೆಮ್ಮಿ ನಿಂತಿತು. ಶಸ್ತ್ರಚಿಕಿತ್ಸೆಯಲ್ಲಿ ದನಿ ಕಳೆದುಕೊಂಡಿದ್ದ ಸುಭದ್ರಾಬಾಯಿ ಕೈ ಅಲ್ಲಾಡಿಸಿ ಇದಲ್ಲವೆಂದು ಸನ್ನೆ ಮಾಡಿದರು. ಲ್ಯಾಪ್‌ಟಾಪಿನಲ್ಲಿ ಸರ್ವರಿನ ಪಟ್ಟಿ ತೆರೆದೆ.

"ಏನದ ಅದರಾಗ? ಓದು, ತಂಗಿ," ಎಂದರು ಆಚಾರ್ಯರು.

"ಒಂದು ಡಿಸೆಂಬರ್ ಇಪ್ಪತ್ತು, ಹನ್ನೊಂದು ಗಂಟೆ. ಇನ್ನೊಂದು ಜನವರಿ ಒಂಬತ್ತು, ನಾಲ್ಕು ಗಂಟೆ. ಡಿಸೆಂಬರಿಂದೇ ಹೊಸದು ಅಂತದ ಪ್ರೋಗ್ರಾಂ. ಯಾಕಂತ ತಿಳೀವಲ್ದು."

"ಸಂವತ್ಸರ ಯಾವುದು?"

"ಹಾಂ?"

"ನಾ ಜೀವಮಾನ ಎಲ್ಲಾ ಸಂಕಲ್ಪ ಹೇಳಿದಾಂವ. ಮಾಸ ಹೇಳಿದಿ, ದಿನಾ ಹೇಳಿದಿ, ಗಳಿಗಿನೂ ಹೇಳಿದಿ. ಸಂವತ್ಸರನ ನುಂಗಿಬಿಟ್ಟೀಯಲ್ಲ."

ನುಂಗಿದ್ದು ನಾನಲ್ಲ, ಸರ್ವರು. ಈಚಿನ ಫೈಲುಗಳಿಗೆ ಅದು ಗಂಟೆ ಹೇಳಿ ವರ್ಷ ಬಿಡುತ್ತದೆ, ಹಳೆಯವಕ್ಕೆ ವರ್ಷ ಹೇಳಿ ಗಂಟೆ ಬಿಡುತ್ತದೆ. ಬಿಟ್ಟ ಸ್ಥಳದಲ್ಲೆಲ್ಲ ಪ್ರೋಗ್ರಾಂ ಕಣ್ಣುಮುಚ್ಚಿ ಈ ವರ್ಷವನ್ನೇ ತುಂಬಿತ್ತು. ಕಳೆದ ಡಿಸೆಂಬರು ಮುಂಬರುವ ಡಿಸೆಂಬರಾಗಿ, ಜನವರಿಯ ಓದು ಹಳತಾಗಿ ಕೂತಿತ್ತು.

ಮೊದಲು ಸಂಜೆಯ ಅಳಿಸುವಿಕೆಯನ್ನು ನಿಲ್ಲಿಸಿದೆ. ಪಟ್ಟಿಯ ಗೊಡವೆಯೇ ಬೇಡವೆಂದು ಒಂದೊಂದೇ ಫೈಲಿನ ಹೆಸರು ಹಿಡಿದು ಕೇಳಿದೆ. ಅದಕ್ಕೆ ಎಂಡಿಟಿಎಂ ಎಂಬ ಬೇರೆ ಆದೇಶವಿದೆ. ಹಾಗೆ ಕೇಳಿದರೆ ಸರ್ವರು ವರ್ಷದಿಂದ ಹಿಡಿದು ಸೆಕೆಂಡಿನವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಜನವರಿಯ ಫೈಲು ಹೊಸ ವರ್ಷದ್ದೆಂದು ಹೇಳಿತು, ಇಡಿಯಾಗಿ ಇಳಿದೂ ಬಂತು.

"ಬಂತು, ಆಚಾರ್ರ," ಎನ್ನುವಾಗ ನನಗೆ ಅಳು ಬಂತು. ಆ ಪ್ರಶ್ನೆ ಅವರು ಕೇಳದಿದ್ದರೆ ಆ ಸಂಜೆ ಜನವರಿಯ ಓದು ಅಳಿದೇ ಹೋಗುತ್ತಿತ್ತು. ಅವರ ಋಣ ನನ್ನ ಮೇಲೆ ದೊಡ್ಡದಿದೆ.

ಹಚ್ಚಿದೆ. ಈ ಸಲ ದನಿ ಸಣ್ಣದಿದ್ದರೂ ಸ್ಪಷ್ಟವಾಗಿತ್ತು. ಹಡಗು ದಂಡೆ ಕಾಣುವ ಹೊತ್ತಿಗೆ ಓದು ಗಕ್ಕನೆ ನಿಂತಿತು. ಮುದ್ರಣದೊಳಗಿನ ಸುಭದ್ರಾಬಾಯಿ, "ಕೇಳ್ಲಿಕ್ಕತ್ತೀರಿಲ್ಲೋ?" ಎಂದರು.

ಆಚಾರ್ಯರು ದನಿ ಬಂದ ಲ್ಯಾಪ್‌ಟಾಪಿನತ್ತ ತಿರುಗಲಿಲ್ಲ. ಹೆಂಡತಿ ಮೌನವಾಗಿ ಕುಳಿತಿದ್ದ ಕುರ್ಚಿಯ ಕಡೆ ಮುಖ ಮಾಡಿದರು.

"ಕೇಳ್ಲಿಕ್ಕತ್ತೇನಿ," ಎಂದರು. "ಮುಂದ ಓದು."